ಬಳಸಿದ ಸಣ್ಣ ಕಾರು: ಕೊಳ್ಳುವ ಮುನ್ನ ಪರೀಕ್ಷೆ, ಕೊಂಡ ಮೇಲೆ ಹೆಸರಿನ ವರ್ಗಾವಣೆ

ಲೋಕಲ್ ರೈಲು ಇರುವ ಮುಂಬಯಿಯಲ್ಲಿ ಸ್ವಂತ ಕಾರು ಏತಕ್ಕೆ ಎಂದು ನಮ್ಮ ಹಿರಿಯರು ಈಗಲೂ ಕೇಳುವುದುಂಟು. ಪ್ರಶ್ನೆ ಸರಿಯಾದುದೇ. ಆದರೆ ಮೊಣಕಾಲು ನೋವಿನ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯುವಾಗ, ಮಳೆಗಾಲದಲ್ಲಿ ಮಕ್ಕಳನ್ನು ಶಾಲೆಗೆ ತಲುಪಿಸುವಾಗ, ಮೇ ತಿಂಗಳ ರಜೆಯಲ್ಲಿ ಊರಿಗೆ ಹೊರಡುವಾಗ ಸಣ್ಣದೊಂದು ಕಾರು ಇದ್ದಿದ್ದರೆ ಎನಿಸುವುದು ಸಹಜ. ಹೊಸ ಕಾರಿನ ಕಂತನ್ನು ಏಳು ವರ್ಷ ಹೊರಲು ಮನಸ್ಸಿಲ್ಲದ ಕುಟುಂಬಗಳು ಸೆಕೆಂಡ್ ಹ್ಯಾಂಡ್ ಹ್ಯಾಚ್‌ಬ್ಯಾಕ್‌ನತ್ತ ನೋಡುತ್ತವೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿರುವ ನಮ್ಮ ಓದುಗರ ಉಪಯೋಗಕ್ಕಾಗಿ ಈ ವಿಷಯದ ಮುಖ್ಯ ಮಾಹಿತಿಯನ್ನು ಇಲ್ಲಿ ಒಟ್ಟುಗೂಡಿಸಿದ್ದೇವೆ.

ಮೊದಲಿಗೇ ಒಂದು ಮಾತು. ಬಳಸಿದ ಕಾರಿನ ಬಗ್ಗೆ ಮಾತು ಬಂದೊಡನೆ ಎಲ್ಲರೂ ಇಂಜಿನ್ ಬಗ್ಗೆ, ಮೈಲೇಜ್ ಬಗ್ಗೆ ವಿಚಾರಿಸುತ್ತಾರೆ. ಇಂಜಿನ್ ಕೆಟ್ಟರೆ ರಿಪೇರಿಯ ವೆಚ್ಚಕ್ಕೊಂದು ಮಿತಿಯುಂಟು. ಕಾಗದಪತ್ರ ಕೆಟ್ಟಿದ್ದರೆ ಅಂತಹ ಮಿತಿಯಿಲ್ಲ. ಆದ್ದರಿಂದ ಈ ಲೇಖನದಲ್ಲಿ ಕಾಗದಪತ್ರಗಳಿಗೆ ಹೆಚ್ಚಿನ ಸ್ಥಳ ಮೀಸಲಿಟ್ಟಿದ್ದೇವೆ.

ಯಾವ ಕಾರು, ಎಷ್ಟು ಹಳೆಯದು

ನಮ್ಮ ದೇಶದ ಮಧ್ಯಮವರ್ಗಕ್ಕೆ ಹ್ಯಾಚ್‌ಬ್ಯಾಕ್ ಪರಿಚಯವಾದುದು 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರಿಂದ. ಅದರ ತಯಾರಿಕೆ 2014ರಲ್ಲಿ ನಿಂತಿತು. ಅನಂತರದ ಪೀಳಿಗೆಯ ಜೆನ್, ಸ್ಯಾಂಟ್ರೋ ಮುಂತಾದವೂ ಹಳೆಯವಾಗಿವೆ. ಇವು ಅಗ್ಗವಾಗಿ ದೊರೆಯುತ್ತವೆಂಬುದು ನಿಜ, ಆದರೆ ದಿನನಿತ್ಯದ ಬಳಕೆಗೆ ಇವನ್ನು ನಾವು ಶಿಫಾರಸು ಮಾಡುವುದಿಲ್ಲ. ಖಾಸಗಿ ಕಾರಿನ ನೋಂದಣಿ 15 ವರ್ಷಗಳ ಅವಧಿಯದು. ಅದು ಮುಗಿದ ಮೇಲೆ ವಾಹನದ ಯೋಗ್ಯತಾ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಈ ನವೀಕರಣದ ಶುಲ್ಕವನ್ನು 2022ರ ಏಪ್ರಿಲ್‌ನಿಂದ ಹಲವು ಪಟ್ಟು ಏರಿಸಲಾಗಿದೆ. ಹನ್ನೆರಡು ವರ್ಷದ ಕಾರನ್ನು ಕೊಳ್ಳುವವರು ಮೂರೇ ವರ್ಷಗಳಲ್ಲಿ ಈ ವೆಚ್ಚಕ್ಕೆ ಸಿದ್ಧರಾಗಬೇಕಾಗುತ್ತದೆ.

ವಯಸ್ಸಿನ ವಿಷಯದಲ್ಲಿ ಇನ್ನೊಂದು ಗಡಿರೇಖೆಯುಂಟು. ಅದು ಸುರಕ್ಷತೆಗೆ ಸಂಬಂಧಿಸಿದ್ದು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯು ಆಲ್ಟೋ 800, ನ್ಯಾನೋ, ಐ10, ಫಿಗೋ, ಪೋಲೋ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳ ಡಿಕ್ಕಿ ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಿತು. ಐದಕ್ಕೂ ಸೊನ್ನೆ ನಕ್ಷತ್ರ ದೊರೆಯಿತು. ಅನಂತರ ಸರಕಾರದ ನಿಯಮಗಳು ಬಿಗಿಯಾದವು. ಮಾರಾಟದಲ್ಲಿದ್ದ ಎಲ್ಲ ಕಾರುಗಳಿಗೂ 2019ರ ಏಪ್ರಿಲ್‌ನಿಂದ ಎಬಿಎಸ್ ಬ್ರೇಕ್ ಕಡ್ಡಾಯವಾಯಿತು. ಅದೇ ವರ್ಷದ ಜುಲೈಯಿಂದ ಚಾಲಕನ ಏರ್‌ಬ್ಯಾಗ್, ಸೀಟ್ ಬೆಲ್ಟ್ ಎಚ್ಚರಿಕೆ, ಹಿಂಬದಿಯ ಪಾರ್ಕಿಂಗ್ ಸೆನ್ಸರುಗಳೂ, 2022ರ ಜನವರಿಯಿಂದ ಮುಂದಿನ ಎರಡೂ ಆಸನಗಳಿಗೆ ಏರ್‌ಬ್ಯಾಗ್ ಕೂಡ ಕಡ್ಡಾಯವಾದವು. ಆದಕಾರಣ 2019ರ ಜುಲೈ ನಂತರ ತಯಾರಾದ ಕಾರನ್ನೇ ಹುಡುಕಬೇಕೆಂಬುದು ನಮ್ಮ ಸಲಹೆ. ಕೈಯಲ್ಲಿರುವ ಹಣಕ್ಕೆ ಅದು ಎಟುಕದಿದ್ದಲ್ಲಿ, ಹಳೆಯದರಲ್ಲಿಯೇ ಏರ್‌ಬ್ಯಾಗ್ ಇದ್ದ ಮೇಲ್ದರ್ಜೆಯ ಮಾದರಿಯನ್ನು ಆರಿಸಿಕೊಳ್ಳಬಹುದು.

ಮಾದರಿಗಳ ಬಗ್ಗೆ ದೀರ್ಘವಾಗಿ ಬರೆಯುವ ಅಗತ್ಯವಿಲ್ಲ. ಮನೆಯಲ್ಲಿ ವೃದ್ಧರಿದ್ದರೆ ವ್ಯಾಗನ್‌ಆರ್‌ನ ಎತ್ತರದ ಆಸನ ಅವರಿಗೆ ನಿಜಕ್ಕೂ ಅನುಕೂಲ. ಬಗ್ಗಬೇಕಾಗಿಲ್ಲ, ಕುಳಿತಲ್ಲಿಂದ ಏಳಲು ತಿಣುಕಬೇಕಾಗಿಲ್ಲ. ಆದರೆ ಅದೇ ವ್ಯಾಗನ್‌ಆರ್ 2019ರ ಡಿಕ್ಕಿ ಪರೀಕ್ಷೆಯಲ್ಲಿ ಎರಡು ನಕ್ಷತ್ರವನ್ನೂ 2023ರಲ್ಲಿ ಒಂದೇ ನಕ್ಷತ್ರವನ್ನೂ ಪಡೆಯಿತು. 2020ರ ಆರಂಭದಲ್ಲಿ ನಾಲ್ಕು ನಕ್ಷತ್ರ ಪಡೆದ ಟಾಟಾ ಟಿಯಾಗೋದ ಆಸನ ಅಷ್ಟು ಎತ್ತರದಲ್ಲಿಲ್ಲ. ಹೆದ್ದಾರಿಯಲ್ಲಿ ಊರಿಗೆ ಹೋಗಿಬರುವ ಕುಟುಂಬಕ್ಕೂ, ಅಂಧೇರಿಯಿಂದ ಮುಲುಂಡಿಗೆ ಮಾತ್ರ ಓಡಾಡುವ ಕುಟುಂಬಕ್ಕೂ ಉತ್ತರ ಒಂದೇ ಆಗಬೇಕಿಲ್ಲ. ಫೋರ್ಡ್, ಷೆವರ್ಲೆ, ಡಾಟ್ಸನ್ ಕಾರುಗಳು ಗುಣದಲ್ಲಿ ಕಳಪೆಯಲ್ಲ, ಬೆಲೆಯೂ ಕಡಿಮೆ. ಆದರೆ ಷೆವರ್ಲೆ 2017ರಲ್ಲಿ ಇಲ್ಲಿನ ಮಾರಾಟವನ್ನು ನಿಲ್ಲಿಸಿತು, ಫೋರ್ಡ್ 2021ರಲ್ಲಿ ಇಲ್ಲಿನ ತಯಾರಿಕೆಯನ್ನು ಕೈಬಿಡುವುದಾಗಿ ಪ್ರಕಟಿಸಿತು, ಡಾಟ್ಸನ್ 2022ರಲ್ಲಿ ಮರೆಯಾಯಿತು. ಬಿಡಿಭಾಗಕ್ಕಾಗಿ ಕಾಯುವ ತಾಳ್ಮೆಯಿಲ್ಲದವರು ಮಾರುತಿ, ಹ್ಯುಂಡೈ, ಟಾಟಾಗಳಿಗೇ ಅಂಟಿಕೊಳ್ಳುವುದು ಲೇಸು.

ದಿನಕ್ಕೆ ಇಪ್ಪತ್ತು ಮೂವತ್ತು ಕಿಲೋಮೀಟರು ಓಡಿಸುವವರಿಗೆ ಡೀಸೆಲ್ ಬೇಡ. ಪೆಟ್ರೋಲ್ ಸಾಕು. ಇಲ್ಲೊಂದು ಸೂಕ್ಷ್ಮವಿದೆ. 2023ರ ಏಪ್ರಿಲ್‌ಗೆ ಮುಂಚಿನ ಕಾರುಗಳಲ್ಲಿ ಹೆಚ್ಚಿನವು ಶೇಕಡ 10ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆ ಹೊಂದುವಂತೆ ತಯಾರಾದವು. 2025ರ ವೇಳೆಗೆ ದೇಶದ ಬಂಕುಗಳಲ್ಲಿ ಶೇಕಡ 20ರ ಮಿಶ್ರಣವೇ ಸಾಮಾನ್ಯವಾಯಿತು. ಇದರಿಂದ ಮೈಲೇಜ್ ಕೊಂಚ ಇಳಿಯುತ್ತದೆ, ಹಳೆಯ ಕಾರುಗಳಲ್ಲಿ ರಬ್ಬರಿನ ಕೆಲವು ಕೊಳವೆ, ಗ್ಯಾಸ್ಕೆಟ್ಟುಗಳನ್ನು ಬೇಗ ಬದಲಿಸಬೇಕಾಗಬಹುದು. ಅದಕ್ಕೆ ಭಯಪಡಬೇಕಿಲ್ಲ, ಮೆಕ್ಯಾನಿಕ್ಕಿಗೆ ಆ ಭಾಗಗಳನ್ನು ನೋಡಲು ಹೇಳಿದರೆ ಸಾಕು. ಸಿಎನ್‌ಜಿ ಕಾರಾದರೆ ಕಿಟ್ ಆರ್.ಸಿ.ಯಲ್ಲಿಯೂ ವಿಮೆಯಲ್ಲಿಯೂ ನಮೂದಾಗಿದೆಯೇ, ಮೂರು ವರ್ಷಕ್ಕೊಮ್ಮೆ ಆಗಬೇಕಾದ ಸಿಲಿಂಡರ್ ಪರೀಕ್ಷೆಯ ಪ್ರಮಾಣಪತ್ರ ಇದೆಯೇ ಎಂಬುದನ್ನು ತಪ್ಪದೆ ನೋಡಬೇಕು. ಹೊರಗಿನ ಗ್ಯಾರೇಜಿನಲ್ಲಿ ಹಾಕಿಸಿ ದಾಖಲಿಸದೆ ಬಿಟ್ಟ ಕಿಟ್ ಇರುವ ಕಾರು ಎಷ್ಟೇ ಅಗ್ಗವಾದರೂ ಬೇಡ.

ಬೆಲೆಯ ಲೆಕ್ಕ

ಮಾರುವವರು ಸಾಮಾನ್ಯವಾಗಿ ತಾವು ಕೊಂಡಾಗ ತೆತ್ತ ಬೆಲೆಯಿಂದ ಲೆಕ್ಕ ಆರಂಭಿಸುತ್ತಾರೆ. ಆ ಲೆಕ್ಕವನ್ನು ಒಪ್ಪಬೇಕಾಗಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿದು, ಸೆಸ್ ಕೂಡ ಹೋಗಿ, ಹೊಸ ಕಾರಿನ ಬೆಲೆ ಗಣನೀಯವಾಗಿ ತಗ್ಗಿತು. ಅದಕ್ಕೆ ಮುಂಚೆ ಕೊಂಡ ಕಾರಿನ ಹಳೆಯ ಬಿಲ್ಲನ್ನು ಮುಂದಿಟ್ಟರೆ, ಅದೇ ಮಾದರಿಯ ಹೊಸ ಕಾರಿನ ಇಂದಿನ ಬೆಲೆಯನ್ನು ಶೋರೂಮಿನಲ್ಲಿ ವಿಚಾರಿಸಿ ಬಂದು ಅಲ್ಲಿಂದ ಚೌಕಾಸಿ ಮಾಡಬೇಕು. ಎರಡು ಮೂರು ವರ್ಷದ ಕಾರುಗಳಲ್ಲಿ ಹೊಸದಕ್ಕೂ ಹಳೆಯದಕ್ಕೂ ಅಂತರ ಕೆಲವೊಮ್ಮೆ ಎಷ್ಟು ಕಡಿಮೆಯಿರುತ್ತದೆಂದರೆ, ಹೊಸದನ್ನೇ ಕೊಳ್ಳುವುದು ಜಾಣತನವೆನಿಸುತ್ತದೆ. ಬಳಸಿದ ಕಾರಿನ ಸಾಲಕ್ಕೆ ಬಡ್ಡಿಯೂ ಹೆಚ್ಚು ಎಂಬುದನ್ನು ಮರೆಯಬಾರದು.

ವ್ಯಾಪಾರಿಗಳು ಬಳಸಿದ ಕಾರಿನ ಮೇಲೆ ಶೇಕಡ 18 ಜಿಎಸ್‌ಟಿ ಎಂದು ಹೇಳುವುದುಂಟು. 2025ರ ಜನವರಿಯಿಂದ ಈ ದರ ಜಾರಿಯಲ್ಲಿರುವುದು ನಿಜ. ಆದರೆ ಅದು ಕಾರಿನ ಪೂರ್ತಿ ಬೆಲೆಯ ಮೇಲಲ್ಲ, ವ್ಯಾಪಾರಿಯ ಲಾಭಾಂಶದ ಮೇಲೆ ಮಾತ್ರ. ಒಬ್ಬ ಗೃಹಸ್ಥರು ಇನ್ನೊಬ್ಬ ಗೃಹಸ್ಥರಿಗೆ ನೇರವಾಗಿ ಮಾರಿದರೆ ಆ ತೆರಿಗೆಯ ಪ್ರಶ್ನೆಯೇ ಏಳದು.

ಮೂರು ಲಕ್ಷ ರೂಪಾಯಿ ಒದಗಿಸಿಕೊಂಡವರು ಎರಡೂಮುಕ್ಕಾಲು ಲಕ್ಷದೊಳಗಿನ ಕಾರನ್ನೇ ನೋಡಬೇಕು. ಟೈರು, ಬ್ಯಾಟರಿ, ಬ್ರೇಕ್ ಪ್ಯಾಡು, ಕ್ಲಚ್ಚು, ವಿಮೆ, ವರ್ಗಾವಣೆಯ ಖರ್ಚು ಎಂದು ಮೊದಲ ಎರಡು ತಿಂಗಳಲ್ಲೇ ಉಳಿದ ಹಣ ಖಾಲಿಯಾಗುತ್ತದೆ.

ಹಗಲು ಬೆಳಕಿನಲ್ಲಿ ನೋಡಬೇಕಾದುದು

ಕಾರನ್ನು ಸಂಜೆಯ ಮೇಲೆ ಅಥವಾ ಮಳೆಯಲ್ಲಿ ನೋಡಲು ಹೋಗಬಾರದು. ಒದ್ದೆಯಾದ ಬಣ್ಣ ಎಲ್ಲ ದೋಷವನ್ನೂ ಮುಚ್ಚುತ್ತದೆ. ಇಂಜಿನ್ ತಣ್ಣಗಿರುವಾಗ ನೋಡುತ್ತೇವೆಂದು ಮುಂಚಿತವಾಗಿಯೇ ತಿಳಿಸಬೇಕು. ಹೋದಾಗ ಬಾನೆಟ್ ಬಿಸಿಯಾಗಿದ್ದರೆ, ಸ್ಟಾರ್ಟಿಂಗ್ ತೊಂದರೆಯನ್ನು ಮರೆಮಾಡಲು ಮೊದಲೇ ಓಡಿಸಿಟ್ಟಿರಬಹುದೆಂದು ಸಂಶಯಿಸಬೇಕು. ಎಣ್ಣೆ ಹಾಕುವ ಮುಚ್ಚಳವನ್ನು ತೆರೆದಾಗ ಒಳಗೆ ಮಜ್ಜಿಗೆಯಂತಹ ಬಿಳಿ ಜಿಡ್ಡು ಕಂಡರೆ ನೀರು ಎಣ್ಣೆಯೊಡನೆ ಬೆರೆಯುತ್ತಿರಬಹುದು. ಹೊಗೆ ನೀಲಿಯಾಗಿದ್ದರೆ ಎಣ್ಣೆ ಉರಿಯುತ್ತಿದೆ ಎಂದರ್ಥ. ಕ್ಲಚ್ ಪರೀಕ್ಷೆಗೆ ಸುಲಭವಾದ ಉಪಾಯವೊಂದಿದೆ. ಹ್ಯಾಂಡ್‌ಬ್ರೇಕ್ ಎಳೆದು, ಮೂರನೆಯ ಗೇರಿನಲ್ಲಿ ಮೆಲ್ಲಗೆ ಕ್ಲಚ್ ಬಿಡಬೇಕು. ಇಂಜಿನ್ ಕೂಡಲೇ ನಿಂತರೆ ಕ್ಲಚ್ ಗಟ್ಟಿಯಿದೆ. ನಿಲ್ಲದೆ ಗುರುಗುಟ್ಟುತ್ತಿದ್ದರೆ ಸವೆದಿದೆ. ನಿಂತು ನಿಂತು ಸಾಗುವ ಮುಂಬಯಿ ದಟ್ಟಣೆಯಲ್ಲಿ ಓಡಿದ ಕಾರಿನಲ್ಲಿ ಕ್ಲಚ್ಚೇ ಮೊದಲು ಸೋಲುವ ಭಾಗ.

ಓಡಿದ ಕಿಲೋಮೀಟರಿನ ಅಂಕಿಯನ್ನು ಕಣ್ಣುಮುಚ್ಚಿ ನಂಬಬಾರದು. ಮೀಟರು 32,000 ಎನ್ನುತ್ತಿರಲು, ಬ್ರೇಕ್ ಪೆಡಲಿನ ರಬ್ಬರ್ ನುಣ್ಣಗಾಗಿ ಸ್ಟಿಯರಿಂಗ್ ಹೊಳೆಯುತ್ತಿದ್ದರೆ ಎರಡರಲ್ಲೊಂದು ಸುಳ್ಳು. ಸರ್ವಿಸ್ ಬಿಲ್ಲುಗಳಲ್ಲಿ ಪ್ರತಿ ಸಲದ ಅಂಕಿ ದಾಖಲಾಗಿರುತ್ತದೆ, ಅವನ್ನು ಕೇಳಿ ಪಡೆಯಬೇಕು. ಟೈರಿನ ಮೇಲೆ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. 3219 ಎಂದಿದ್ದರೆ ಆ ಟೈರು 2019ರ 32ನೆಯ ವಾರದಲ್ಲಿ ತಯಾರಾದುದು. ಬಹಳ ಓಡಿದೆ ಎಂದು ಹೇಳುವ ಕಾರಿನಲ್ಲಿ ಮೂಲ ಟೈರೇ ಇದ್ದರೂ, ಏನೂ ಓಡಿಲ್ಲವೆಂಬ ಕಾರಿನಲ್ಲಿ ಟೈರು ಬದಲಾಗಿದ್ದರೂ ವಿಚಾರಿಸಬೇಕು. ಬಾಡಿಗೆಗೆ ಓಡಿ ಅನಂತರ ಖಾಸಗಿಗೆ ಪರಿವರ್ತನೆಯಾದ ಕಾರುಗಳೂ ಮಾರುಕಟ್ಟೆಯಲ್ಲಿರುತ್ತವೆ. ಹಿಂದಿನ ಸೀಟಿನ ಸವೆತ ಮುಂದಿನದಕ್ಕಿಂತ ಹೆಚ್ಚಿದ್ದರೆ ಅದರ ಗುಟ್ಟು ತಾನಾಗಿಯೇ ಹೊರಬೀಳುತ್ತದೆ.

ಕರಾವಳಿ ನಗರಗಳಿಗೆ ವಿಶೇಷವಾದ ಎರಡು ಶತ್ರುಗಳೆಂದರೆ ತುಕ್ಕು ಮತ್ತು ನೆರೆ. ಉಪ್ಪುಗಾಳಿಯ ತುಕ್ಕು ಬಾಗಿಲಿನ ಕೆಳಅಂಚಿನಲ್ಲಿ, ಚಕ್ರದ ಕಮಾನಿನಲ್ಲಿ, ಕಾರಿನ ಅಡಿಭಾಗದಲ್ಲಿ ಕುಳಿತಿರುತ್ತದೆ. ಮೇಲಿನ ಬಣ್ಣ ನೋಡಿದರೆ ತಿಳಿಯದು, ಬಗ್ಗಿ ನೋಡಬೇಕು. ನೆರೆಯ ವಿಷಯ ಇನ್ನೂ ಗಂಭೀರವಾದುದು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದುದನ್ನು ಮುಂಬಯಿಯವರು ಮರೆತಿಲ್ಲ. ಚೆನ್ನೈ 2015ರ ಡಿಸೆಂಬರಿನಲ್ಲಿ, ಹೈದರಾಬಾದು 2020ರ ಅಕ್ಟೋಬರಿನಲ್ಲಿ ಮುಳುಗಿದವು. ಪ್ರತಿ ನೆರೆಯ ನಂತರವೂ ನೀರಿನಲ್ಲಿ ನಿಂತ ಕಾರುಗಳು ತೊಳೆದು ಒರೆಸಿಕೊಂಡು ಬೇರೆ ಊರಿನ ಮಾರುಕಟ್ಟೆಗೆ ಬರುತ್ತವೆ. ಅವು ಕೆಲ ತಿಂಗಳು ಚೆನ್ನಾಗಿಯೇ ಓಡುತ್ತವೆ, ಅನಂತರ ವಿದ್ಯುತ್ ತಂತಿಗಳ ಜೋಡಣೆಗಳಲ್ಲಿ ತುಕ್ಕು ಹಿಡಿದು ಒಂದೊಂದಾಗಿ ಕೆಡತೊಡಗುತ್ತವೆ. ಇಂತಹ ಕಾರನ್ನು ಗುರುತಿಸಲು ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಬೇಕು. ಒಳಸುತ್ತಿನಲ್ಲಿ ಕೆಸರಿನ ಗೆರೆಯಿದ್ದರೆ ಬೇರೆ ಸಾಕ್ಷಿ ಬೇಡ. ಮ್ಯಾಟಿನ ಅಡಿ, ಸ್ಟೆಪ್ನಿ ಇಡುವ ಗುಳಿ, ಸೀಟಿನ ಹಳಿಯ ಬೋಲ್ಟುಗಳು ಇವನ್ನೂ ನೋಡಬೇಕು. ಸುಗಂಧದ ಡಬ್ಬಿ ಅತಿಯಾಗಿ ಪರಿಮಳ ಬೀರುತ್ತಿದ್ದರೆ ಅದನ್ನು ತೆಗೆಸಿ, ಗಾಜುಗಳನ್ನು ಏರಿಸಿ ಹತ್ತು ನಿಮಿಷ ಒಳಗೆ ಕುಳಿತರೆ ಬೂಷ್ಟಿನ ವಾಸನೆ ಹೊರಬರುತ್ತದೆ.

ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಕರೆದೊಯ್ದು ಅವರ ಅರ್ಧ ದಿನದ ಸಂಭಾವನೆಯನ್ನು ಕೊಡುವುದಕ್ಕೆ ಹಿಂಜರಿಯಬಾರದು. ಮಾರುವವರು ಪರಿಚಿತರು, ನಮ್ಮ ಊರಿನವರು, ಸಂಘದಲ್ಲಿ ಭೇಟಿಯಾಗುವವರು ಎಂಬ ಸಂಕೋಚದಿಂದ ಪರೀಕ್ಷೆಯನ್ನು ಬಿಡುವುದು ನಮ್ಮವರಲ್ಲಿ ಸಾಮಾನ್ಯ. ಪರೀಕ್ಷೆ ಮಾಡಿಸಿಕೊಂಡ ವ್ಯವಹಾರದಲ್ಲಿಯೇ ಸ್ನೇಹ ಉಳಿಯುವ ಸಾಧ್ಯತೆ ಹೆಚ್ಚು.

ಹೆಸರಿನ ವರ್ಗಾವಣೆ

ಹಣ ಕೊಟ್ಟು ಕೀಲಿಕೈ ಪಡೆದ ಮಾತ್ರಕ್ಕೆ ಕಾನೂನಿನ ದೃಷ್ಟಿಯಲ್ಲಿ ವ್ಯವಹಾರ ಮುಗಿಯುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 50ನೆಯ ಕಲಮಿನ ಪ್ರಕಾರ, ಒಂದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳೊಳಗೆ ಆರ್‌ಟಿಓಗೆ ತಿಳಿಸಬೇಕು, ಕೊಂಡವರು 30 ದಿನಗಳೊಳಗೆ ತಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಲು ಅರ್ಜಿ ಹಾಕಬೇಕು. ಮೊದಲನೆಯದಕ್ಕೆ ಫಾರ್ಮ್ 29, ಎರಡನೆಯದಕ್ಕೆ ಫಾರ್ಮ್ 30. ಇವೆರಡರ ಮೇಲೆ ಸಹಿ ಹಾಕಿಸಿ ಬೀರುವಿನಲ್ಲಿಟ್ಟು ವರ್ಷಗಟ್ಟಲೆ ಓಡಿಸುವ ಪದ್ಧತಿ ನಗರಗಳಲ್ಲಿ ಇನ್ನೂ ಇದೆ. ಇದು ಎಷ್ಟು ಅಪಾಯಕಾರಿ ಎಂಬುದನ್ನು 2018ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ನೀಡಿದ ಒಂದು ತೀರ್ಪು ತೋರಿಸುತ್ತದೆ. ಆ ಪ್ರಕರಣದಲ್ಲಿ ಕಾರೊಂದು ಒಬ್ಬರಿಂದ ಒಬ್ಬರಿಗೆ ಹಲವು ಕೈ ದಾಟಿತ್ತು, ನೋಂದಣಿ ಮಾತ್ರ ಮೊದಲಿನ ಮಾಲೀಕರ ಹೆಸರಿನಲ್ಲಿಯೇ ಉಳಿದಿತ್ತು. ಅಪಘಾತವಾಗಿ ಜೀವಹಾನಿಯಾಯಿತು. ಕಾರು ಯಾರ ಕೈಯಲ್ಲಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರಕ್ಕೆ ಹೊಣೆ ಎಂದು ನ್ಯಾಯಾಲಯವು ತೀರ್ಮಾನಿಸಿತು. ಹಳೆಯ ಕಾರನ್ನು ಮಾರಿ ಹೊಸದನ್ನು ಕೊಳ್ಳುವ ನಮ್ಮ ಓದುಗರು ಈ ತೀರ್ಪನ್ನು ಮಾರುವವರ ಸ್ಥಾನದಲ್ಲಿ ನಿಂತೂ ಓದಿಕೊಳ್ಳಬೇಕು.

ಕೊಳ್ಳುವವರಿಗೆ ಇರುವ ಅಪಾಯ ಬೇರೆ ಬಗೆಯದು. ವಾಹನದೊಡನೆ ಮೂರನೆಯ ವ್ಯಕ್ತಿಗೆ ಸಂಬಂಧಿಸಿದ ವಿಮೆ ತಾನಾಗಿ ವರ್ಗವಾಗುತ್ತದೆಂದು ಕಾಯ್ದೆ ಹೇಳುತ್ತದೆ. ಸ್ವಂತ ಕಾರಿಗಾಗುವ ಹಾನಿಯ ವಿಮೆ ಹಾಗಲ್ಲ. ಮಾರಾಟವಾದ 14 ದಿನಗಳೊಳಗೆ ವಿಮಾ ಕಂಪನಿಗೆ ಬರೆದು ಅದನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳದಿದ್ದರೆ, ಅನಂತರ ಕಾರು ಜಖಂಗೊಂಡಾಗ ಕಂಪನಿ ಹಣ ನಿರಾಕರಿಸಬಹುದು. ಹಿಂದಿನವರು ಕ್ಲೇಮು ಮಾಡದೆ ಗಳಿಸಿದ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ಅವರದೇ. ಅದು ಕಾರಿನೊಡನೆ ಬರುವುದಿಲ್ಲ. ಆದ್ದರಿಂದ ಕಂತು ಸ್ವಲ್ಪ ಹೆಚ್ಚಾಗುತ್ತದೆ.

ಮುಂಗಡ ಕೊಡುವ ಮುನ್ನ ಕೇಂದ್ರ ಸಾರಿಗೆ ಇಲಾಖೆಯ ಪರಿವಾಹನ್ ಜಾಲತಾಣದಲ್ಲಿ ಅಥವಾ ಎಂ-ಪರಿವಾಹನ್‌ನಲ್ಲಿ ನಂಬರನ್ನು ಹಾಕಿ ನೋಡಬೇಕು. ಎಷ್ಟನೆಯ ಮಾಲೀಕರು, ವಿಮೆ ಎಂದಿನವರೆಗೆ, ಸಾಲವಿದೆಯೇ, ಬಾಕಿ ದಂಡ ಎಷ್ಟು ಎಂಬುದೆಲ್ಲ ಅಲ್ಲಿ ತಿಳಿಯುತ್ತದೆ. ಬಾಕಿ ಇ-ಚಲನ್‌ಗಳನ್ನು ಮಾರುವವರೇ ತೀರಿಸಬೇಕು. ಬ್ಯಾಂಕಿನ ಸಾಲ ತೀರಿದ್ದರೂ ಆರ್.ಸಿ.ಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ, ಬ್ಯಾಂಕಿನ ಪತ್ರ ಮತ್ತು ಫಾರ್ಮ್ 35 ಕೊಟ್ಟು ಅದನ್ನು ತೆಗೆಸಿದ ಮೇಲೆಯೇ ಪೂರ್ತಿ ಹಣ ಕೊಡುವುದು ಕ್ಷೇಮ. ಆರ್.ಸಿ.ಯಲ್ಲಿರುವ ಚಾಸಿ ನಂಬರನ್ನು ಕಾರಿನ ಮೈಮೇಲಿನದರೊಂದಿಗೆ ಅಕ್ಷರ ಅಕ್ಷರ ತಾಳೆ ನೋಡಬೇಕು. ಹಳೆಯ ಫಾಸ್‌ಟ್ಯಾಗ್ ಅನ್ನು ಮಾರಿದವರು ಮುಚ್ಚಿಸಬೇಕು, ಇಲ್ಲವಾದರೆ ಊರಿನ ದಾರಿಯ ಟೋಲು ಅವರ ಖಾತೆಯಿಂದ ಹೋಗುತ್ತದೆ, ಫೋನು ನಿಮಗೆ ಬರುತ್ತದೆ.

ವ್ಯಾಪಾರಿಯಿಂದ ಕೊಳ್ಳುವವರು ಒಂದು ವಿಷಯವನ್ನು ಕೇಳಬೇಕು. 2023ರ ಏಪ್ರಿಲ್ 1ರಿಂದ ಬಳಸಿದ ವಾಹನಗಳ ವ್ಯಾಪಾರಿಗಳು ಸಾರಿಗೆ ಪ್ರಾಧಿಕಾರದಿಂದ ಅಧಿಕೃತ ಪತ್ರ ಪಡೆಯುವ ವ್ಯವಸ್ಥೆ ಜಾರಿಗೆ ಬಂದಿದೆ. ಮಾಲೀಕರು ಕಾರನ್ನು ಅಂತಹ ವ್ಯಾಪಾರಿಗೆ ಒಪ್ಪಿಸಿದುದನ್ನು ದಾಖಲಿಸಿದ ಮೇಲೆ ಅದು ಮಾರಾಟವಾಗುವವರೆಗೆ ಹೊಣೆ ವ್ಯಾಪಾರಿಯದು. ಆ ಪತ್ರವನ್ನು ಗೋಡೆಯ ಮೇಲೆ ತೋರಿಸಲಾಗದ ಅಂಗಡಿಯಲ್ಲಿ ಕಾಲ ಕಳೆಯಬೇಕಾಗಿಲ್ಲ.

ಊರಿಗೆ ಒಯ್ಯುವುದಾದರೆ

ನಮ್ಮ ಓದುಗರಲ್ಲಿ ಅನೇಕರು ನಿವೃತ್ತಿಯ ನಂತರ ಕರ್ನಾಟಕಕ್ಕೆ ಮರಳುವವರು. ಮುಂಬಯಿಯ ಎಂಎಚ್ ನಂಬರಿನ ಕಾರನ್ನು ಹಾಗೆಯೇ ಊರಿನಲ್ಲಿಟ್ಟುಕೊಳ್ಳಬಹುದೆಂಬ ಭಾವನೆ ವ್ಯಾಪಕವಾಗಿದೆ. ಕಾಯ್ದೆಯ 47ನೆಯ ಕಲಮಿನಂತೆ ಬೇರೆ ರಾಜ್ಯದಲ್ಲಿ 12 ತಿಂಗಳಿಗೂ ಮೀರಿ ಇಟ್ಟ ವಾಹನಕ್ಕೆ ಅಲ್ಲಿನ ಹೊಸ ನಂಬರು ಪಡೆಯಬೇಕು. ಅದಕ್ಕೆ ಮೊದಲು ಇಲ್ಲಿನ ಆರ್‌ಟಿಓದಿಂದ ಫಾರ್ಮ್ 28ರ ಮೂಲಕ ನಿರಾಕ್ಷೇಪಣಾ ಪತ್ರ ಪಡೆದು, ಕರ್ನಾಟಕದಲ್ಲಿ ಕಾರಿನ ಮೂಲ ಬೆಲೆ ಹಾಗೂ ವಯಸ್ಸಿಗೆ ಅನುಗುಣವಾದ ಜೀವಾವಧಿ ತೆರಿಗೆ ಕಟ್ಟಿ, ಅನಂತರ ಇಲ್ಲಿ ಕಟ್ಟಿದ್ದ ತೆರಿಗೆಯ ಉಳಿದ ಭಾಗವನ್ನು ವಾಪಸು ಕೇಳಬೇಕು. ಈ ಮರುಪಾವತಿಗೆ ತಾಳ್ಮೆ ಬೇಕು. ಎರಡು ಮೂರು ವರ್ಷಗಳಲ್ಲಿ ಊರಿಗೆ ಹೊರಡುವ ಉದ್ದೇಶವಿರುವವರು ಅಗ್ಗದ ಹ್ಯಾಚ್‌ಬ್ಯಾಕ್ ಒಂದನ್ನು ಇಲ್ಲಿ ಬಳಸಿ ಇಲ್ಲಿಯೇ ಮಾರಿ, ಅಲ್ಲಿ ಕೆಎ ನಂಬರಿನದನ್ನು ಕೊಳ್ಳುವುದು ಲೆಕ್ಕದಲ್ಲಿಯೂ ಶ್ರಮದಲ್ಲಿಯೂ ಮೇಲು ಎಂಬುದು ನಮ್ಮ ಅಭಿಪ್ರಾಯ.

ದೆಹಲಿಯ ಓದುಗರಿಗೆ ಒಂದು ಮಾತನ್ನು ಸೇರಿಸುತ್ತೇವೆ. ರಾಜಧಾನಿ ವಲಯದಲ್ಲಿ 10 ವರ್ಷ ಮೀರಿದ ಡೀಸೆಲ್, 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಓಡಾಟವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2014 ಮತ್ತು 2015ರ ಆದೇಶಗಳಲ್ಲಿ ನಿರ್ಬಂಧಿಸಿತು. ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಇದನ್ನು ಎತ್ತಿಹಿಡಿಯಿತು, 2025ರ ಆಗಸ್ಟಿನಲ್ಲಿ ಸಡಿಲಿಸಿತು, ಡಿಸೆಂಬರಿನಲ್ಲಿ ಆ ಸಡಿಲಿಕೆಯನ್ನು ಬಿಎಸ್-4 ಮತ್ತು ಅದಕ್ಕೆ ಮೇಲಿನ ವಾಹನಗಳಿಗೆ ಸೀಮಿತಗೊಳಿಸಿತು. ಅಲ್ಲಿ ಕೊಳ್ಳುವವರು ಆರ್.ಸಿ.ಯಲ್ಲಿ ಬಿಎಸ್ ಶ್ರೇಣಿಯನ್ನು ಓದದೆ ಮುಂಗಡ ಕೊಡಬಾರದು. ಅಲ್ಲಿಂದ ಅಗ್ಗದ ಡೀಸೆಲ್ ಕಾರನ್ನು ಕರ್ನಾಟಕಕ್ಕೆ ತರಿಸುವ ಆಸೆಯಿರುವ ಬಂಧುಗಳಿಗೆ ನಿರಾಕ್ಷೇಪಣಾ ಪತ್ರ, ತೆರಿಗೆ, ಸಾಗಣೆಯ ಖರ್ಚನ್ನೆಲ್ಲ ಕೂಡಿಸಿ ನೋಡಲು ಹೇಳಬೇಕು.

ಕಡೆಯದಾಗಿ ಪಾರ್ಕಿಂಗ್. ಹೌಸಿಂಗ್ ಸೊಸೈಟಿಯಲ್ಲಿ ಜಾಗವಿದೆಯೇ, ಅದಕ್ಕೆ ತಿಂಗಳ ಶುಲ್ಕ ಎಷ್ಟು, ಆರ್.ಸಿ. ಯಾರ ಹೆಸರಿನಲ್ಲಿರಬೇಕು ಎಂಬುದನ್ನು ಕಾರ್ಯದರ್ಶಿಯವರಲ್ಲಿ ಮೊದಲೇ ವಿಚಾರಿಸಬೇಕು. ಸದಸ್ಯರ ಹೆಸರಿನಲ್ಲಿ ಆರ್.ಸಿ. ಇಲ್ಲದೆ ಸ್ಟಿಕ್ಕರ್ ಕೊಡದ ಸೊಸೈಟಿಗಳುಂಟು. ಕಾರು ಬಂದ ದಿನವೇ ಅರ್ಜಿಯ ರಸೀದಿಯನ್ನು ತೋರಿಸಿದರೆ ವರ್ಗಾವಣೆ ಮುಗಿಯುವವರೆಗೆ ಅವರು ಸಾಮಾನ್ಯವಾಗಿ ಅವಕಾಶ ಮಾಡಿಕೊಡುತ್ತಾರೆ.